ಒರೆಸಿ ಕಳಿಸಿದ ಗಿಡ

ಕೊಟ್ರೇಶ ಮೊದಲ ಹೂವಿನ ತೊಟ್ಟಿಗೆ ಕತ್ತರಿ ಇಟ್ಟಿದ್ದ. ಅಷ್ಟರಲ್ಲಿ ಗೇಟಿನ ಹತ್ತಿರದಿಂದ ಹೆಂಗಸೊಬ್ಬಳು ಕೂಗಿದಳು.

"ತಡೀರಿ, ಕತ್ತರಿಸ್ಬೇಡಿ! ಎಲೆ ತಿರುಗಿಸಿ ನೋಡಿದ್ರಾ?"

ಅಂಗಳದಲ್ಲಿ ಬಿದಿರು ಸೀಳುತ್ತಿದ್ದವರು, ಕುರ್ಚಿ ಹಾಕಿಕೊಂಡು ಕೂತವರು ಎಲ್ಲರೂ ತಿರುಗಿ ನೋಡಿದರು. ಸತ್ತವರ ಮನೆಗೆ ಬರುವವರು ಅಳುತ್ತ ಬರುತ್ತಾರೆ, ಇಲ್ಲವೇ ಸುಮ್ಮನೆ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಾರೆ. ಎಲೆಯ ವಿಚಾರಣೆ ಮಾಡುತ್ತ ಬಂದವರನ್ನು ಶಿರಾಳಕೊಪ್ಪದ ಆ ಓಣಿಯಲ್ಲಿ ಯಾರೂ ಕಂಡಿರಲಿಲ್ಲ. ಕೂಗಿದವಳಿಗೂ ತನ್ನ ದನಿ ಕೇಳಿ ಗಾಬರಿಯಾಯಿತು. ಅರವತ್ತು ದಾಟಿದ ಸಣಕಲು ಹೆಂಗಸು. ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಲ್ಲೇ ನಿಂತಳು. ಹಿಂದಿದ್ದ ಗಂಡ ಗಣಪಯ್ಯ "ಏನೇ ಇದು, ಸಾವಿನ ಮನೇಲಿ" ಎಂದು ಮೆಲ್ಲಗೆ ಗದರಿದ.

"ಹಂಗಲ್ರಿ ಅಮ್ಮಾರ," ಎಂದ ಕೊಟ್ರೇಶ. ತೀರಿಕೊಂಡ ಶಕುಂತಲಮ್ಮನ ಮೈದುನನ ಮಗ ಅವನು. ಶರೀರವನ್ನು ಕೂರಿಸಿ ಹೊತ್ತೊಯ್ಯುವ ಬಿದಿರಿನ ವಿಮಾನವನ್ನು ಸಿಂಗರಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. "ಚೆಂಡು ಹೂವು ಕಡಿಮಿ ಬಿದ್ದಾವ. ದೊಡ್ಡವ್ವ ತಾನ ಬೆಳಿಸಿದ್ದು ಇಷ್ಟು ಅದಾವಲ್ಲ, ಇವನ್ನೂ ಏರಿಸಿದ್ರ ಚಲೋ ಕಾಣ್ತೈತಿ ಅಂತ."

ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದ ಗಂಗಾಧರಪ್ಪ ಕೈ ಎತ್ತಿದ. ಎಪ್ಪತ್ತೆರಡರ ಮುದುಕ. ಹಿಂದಿನ ಸಂಜೆ ಹೆಂಡತಿಯನ್ನು ಕಳೆದುಕೊಂಡವನು.

"ಕೊಟ್ರಾ, ಕತ್ತರಿ ಕೆಳಗಿಡು. ಅವ್ರು ಸೊರಬದ ವೇದಮ್ಮಾರು. ಅವ್ರು ನೋಡಿ ಹೂಂ ಅಂದ ಮ್ಯಾಲೆ ಕೊಯ್ಯಿ." ಆಮೇಲೆ ಅವಳ ಕಡೆ ತಿರುಗಿ, "ಬಂದ್ರ್ಯಾ ತಾಯಿ. ಮೊದ್ಲು ಒಳಗ ಹೋಗಿ ನೋಡಿ ಬರ್ರಿ. ಚಂದಾಗಿ ಕುಂತಾಳ," ಎಂದ.

ಚಂದಾಗಿಯೇ ಕೂತಿದ್ದಳು. ನಡುಮನೆಯ ಗೋಡೆಗೆ ಬೆನ್ನು ಕೊಟ್ಟು, ಹಸಿರು ಸೀರೆಯಲ್ಲಿ, ಹಣೆಯ ತುಂಬ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಯಾರೋ ತಂದ ಎಲೆಯನ್ನು ನೋಡಲು ತಲೆ ತುಸು ಬಗ್ಗಿಸಿದ ಹಾಗೆಯೇ ಇದ್ದಳು. ವೇದಾ ಹತ್ತಿರ ಹೋಗಲಿಲ್ಲ. ಬಾಗಿಲ ಪಕ್ಕ ಹೆಂಗಸರ ಸಾಲಿನ ಕೊನೆಯಲ್ಲಿ ಕೂತುಕೊಂಡಳು. ಅಳು ಬಂತು, ಆದರೆ ಪೂರ್ತಿ ಬರಲಿಲ್ಲ. ಅಳುವುದಕ್ಕೂ ಒಂದು ಹಕ್ಕು ಬೇಕು, ಆ ಹಕ್ಕು ತನಗಿದೆಯೋ ಇಲ್ಲವೋ ಎಂದು ಅವಳಿಗೆ ಸಂಶಯ. ಶಕುಂತಲಕ್ಕ ತನ್ನ ಮೇಲೆ ಸಿಟ್ಟು ಇಟ್ಟುಕೊಂಡೇ ಹೋದಳೇ? ಇವತ್ತು ತಿಳಿಯಬೇಕಾದದ್ದು ಇದೊಂದೇ. ಸೊರಬದಿಂದ ಬಸ್ಸಿನಲ್ಲಿ ಬರುವಾಗ ಇದೊಂದನ್ನೇ ಯೋಚಿಸುತ್ತ ಬಂದಿದ್ದಳು. ಹೇಳಬೇಕಾದವಳು ಎದುರಿಗೆ ಕೂತಿದ್ದಾಳೆ, ಹೇಳುವುದಿಲ್ಲ.

*

ಹನ್ನೊಂದು ವರ್ಷದ ಹಿಂದೆ ಇದೇ ಊರಿನ ಗೊಬ್ಬರದ ಅಂಗಡಿಯಲ್ಲಿ ಅವರ ಪರಿಚಯವಾದದ್ದು. ಪರಿಚಯ ಎನ್ನುವುದಕ್ಕಿಂತ ಜಗಳ ಎನ್ನಬೇಕು.

ವೇದಾ ಒಂದು ಬಾಟಲಿ ಎಣ್ಣೆ ಕೊಡಿ ಎಂದು ಕೇಳುತ್ತಿದ್ದಳು. ಹುಳಕ್ಕೆ ಹೊಡೆಯುವ ಔಷಧಿಗೆ ಈ ಕಡೆ ಎಣ್ಣೆ ಎಂದೇ ಹೆಸರು. ಹಿಂದಿನಿಂದ ಒಂದು ದಪ್ಪ ದನಿ ಬಂತು.

"ಯಾವ ಹುಳಕ್ಕ?"

"ಯಾವ್ದೋ ಹುಳ. ಎಲೆ ಎಲ್ಲ ಬಿಳಿಚ್ಕೊಂಡಿದೆ."

"ಹುಳ ನೋಡಿಲ್ಲ, ಎಣ್ಣಿ ಬೇಕು. ಜ್ವರ ಯಾರಿಗೆ ಬಂದೈತಿ ಅಂತ ಗೊತ್ತಿಲ್ಲ, ಸೂಜಿ ಮಾತ್ರ ಚುಚ್ಚಬೇಕು. ಹಂಗಾತಲ್ರಿ ನಿಮ್ದು?"

ವೇದಾಳಿಗೆ ಮೈಯೆಲ್ಲ ಉರಿಯಿತು. ಆದರೂ ಚೀಲದಲ್ಲಿದ್ದ ಎಲೆಯನ್ನು ತೆಗೆದು ಕೊಟ್ಟಳು. ಆ ಹೆಂಗಸು ಎಲೆಯನ್ನು ತಿರುಗಿಸಿ ಹಿಂಬದಿಯನ್ನು ಬಿಸಿಲಿಗೆ ಹಿಡಿದಳು. ತನ್ನ ಚೀಲದಿಂದ ಹಳೆಯ ಲಗ್ನಪತ್ರಿಕೆಯೊಂದನ್ನು ತೆಗೆದು, ಅದರ ಬಿಳಿ ಬೆನ್ನಿನ ಮೇಲೆ ಎಲೆಯನ್ನು ಎರಡು ಸಲ ತಟ್ಟಿದಳು. ಕೆಂಪು ಪುಡಿಯಂಥದ್ದು ಉದುರಿತು. ಒಂದು ಕ್ಷಣ ಸುಮ್ಮನಿದ್ದ ಪುಡಿ ನಡೆಯತೊಡಗಿತು.

"ನೋಡ್ರಿ, ಇದು ಹುಳ ಅಲ್ಲ, ನುಸಿ. ಇದಕ್ಕ ಎಂಟು ಕಾಲು, ಜೇಡನ ಪೈಕಿ. ಹುಳದ ಎಣ್ಣಿ ಹೊಡದ್ರ ಇದು ಸಾಯಂಗಿಲ್ಲ. ಇದನ್ನ ತಿನ್ನೋ ಹುಳ ಇರ್ತಾವಲ್ಲ, ಅವು ಸಾಯ್ತಾವ. ನುಸಿ ಅರಾಮ ಮನಿ ಮಾಡ್ಕೊಂಡು ಇರ್ತಾವ."

ಸೋಪಿನ ನೀರಿಗೆ ತುಸು ಬೇವಿನೆಣ್ಣೆ ಬೆರೆಸಿ ಸಂಜೆ ಹೊತ್ತು ಎಲೆಯ ಹಿಂದೆ ಮಾತ್ರ ಹೊಡೆಯಬೇಕು, ಐದು ದಿನಕ್ಕೊಮ್ಮೆ ಮೂರು ಸಲ. ಒಂದು ಸಲಕ್ಕೆ ಬಿಟ್ಟರೆ ಮೊಟ್ಟೆ ಒಡೆದು ಮತ್ತೆ ಬರುತ್ತವೆ. ಅಂಗಡಿಯವನ ವ್ಯಾಪಾರ ಕೆಟ್ಟಿತು, ವೇದಾಳ ಗಿಡ ಉಳಿಯಿತು. ಮುಂದಿನ ತಿಂಗಳು ಅವಳು ಧನ್ಯವಾದ ಹೇಳಲು ಬಂದಾಗ ಶಕುಂತಲಮ್ಮನ ಅಂಗಳದಲ್ಲಿ ವಯೋಲಾ ನೋಡಿದಳು.

ಶಿವಮೊಗ್ಗದ ಫಲಪುಷ್ಪ ಪ್ರದರ್ಶನದಲ್ಲಿ ಕೊಂಡ ಬೀಜದ ಪೊಟ್ಟಣದ ಮೇಲೆ ವಯೋಲಾ ಎಂದಿತ್ತು. ಮನೆಯವರಿಗೆ ಅದು ಮುಖದ ಹೂ. ಹೆಬ್ಬೆರಳಿನಷ್ಟು ಹೂವು, ಹಳದಿ, ನೇರಳೆ, ಬಿಳಿ. ನಡುವೆ ಕಣ್ಣು ಮೀಸೆ ಬರೆದಂತೆ ಕಪ್ಪು ಗೆರೆ. ಮಳೆ ಮುಗಿದ ಮೇಲೆ ಬೀಜ ಹಾಕಿದರೆ ಚಳಿಗೆ ಹೂ ಬಿಟ್ಟು, ಬಿಸಿಲು ಏರುತ್ತಿದ್ದಂತೆ ಮುಗಿಯುವ ಗಿಡ. ಉಡುತಡಿಯ ಹೊಲದ ಮನೆಯಿಂದ ಕಿರಾಣಿ ಅಂಗಡಿಯ ಮನೆಗೆ ಸೊಸೆಯಾಗಿ ಬಂದ ಶಕುಂತಲಮ್ಮನಿಗೆ ಇಲ್ಲಿ ಮಣ್ಣೇ ಸಿಕ್ಕಿರಲಿಲ್ಲ. ಅಂಗಡಿಯಲ್ಲಿ ಖಾಲಿಯಾದ ಅಡುಗೆ ಎಣ್ಣೆಯ ಡಬ್ಬಗಳನ್ನು ಅರ್ಧ ಕತ್ತರಿಸಿ ಮಣ್ಣು ತುಂಬಿದಳು. ಅಂಥ ಡಬ್ಬಗಳು ಮೂವತ್ತಾದವು.

ಅಂದಿನಿಂದ ಎರಡು ಊರಿನ ನಡುವೆ ಬಸ್ಸಿನಲ್ಲಿ ಎಲೆಗಳೂ ಬೀಜಗಳೂ ಓಡಾಡಿದವು. ವೇದಾ ಒಮ್ಮೆ ಫೋನಿನಲ್ಲಿ ಫೋಟೋ ಕಳಿಸಿದ್ದಕ್ಕೆ ಶಕುಂತಲಮ್ಮ ಬೈದಿದ್ದಳು. "ಫೋಟೋದಾಗ ನುಸಿ ನಡಿಯಂಗಿಲ್ಲವ್ವ. ಎಲಿ ಕಳ್ಸು."

*

"ನನ್ನ ಕತಿ ಕೇಳ್ರಿಲ್ಲಿ," ಎಂದಳು ಪಕ್ಕದ ಮನೆಯ ಹೂವಮ್ಮ. ಹೆಂಗಸರ ಅಳು ಒಂದು ಸುತ್ತು ಮುಗಿದು ಮಾತು ಶುರುವಾಗಿತ್ತು. "ಒಂದಿನಾ ಬೆಳಿಗ್ಗೆ ನೋಡ್ತೀನಿ, ಡಬ್ಬಿ ಡಬ್ಬಿಗೂ ವಿಭೂತಿ! ಎಲಿ ಮ್ಯಾಲೆ, ಹೂವಿನ ಮ್ಯಾಲೆ, ಎಲ್ಲಾ ಕಡೆ. ಏನೋ ಗಿಡದ ಪೂಜಿ ಮಾಡ್ಯಾಳ ಅಂತ ನಾನೂ ಎರಡು ಬೆರಳು ತಗೊಂಡು ಹಣಿಗಿ ಹಚ್ಕೊಂಡು, ಕೈ ಮುಗದು ಬಂದೆ. ಸಂಜಿಗೆ ಕೇಳಿದ್ರ ಅಂತಾಳ, ಅದು ಗಿಡದ ಹೇನಿಗೆ ಹಾಕಿದ ಒಲಿ ಬೂದಿ!"

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ಗೋಡೆಗೆ ಕೂತವಳೂ ನಗುವುದನ್ನು ತಡೆದುಕೊಂಡಂತೆ ಕಂಡಳು. ವೇದಾಳಿಗೆ ನಗು ಬಂತು, ಹಿಂದೆಯೇ ಕಣ್ಣು ಅಂಗಳದ ಡಬ್ಬಗಳ ಕಡೆ ಹೋಯಿತು.

ಸೊಸೆ ಬಿಂದುಶ್ರೀ ಚಹಾದ ತಟ್ಟೆ ಹಿಡಿದು ಬಂದಳು. ವೇದಾಳ ಮುಂದೆ ಬಂದಾಗ ನಿಂತು, "ನಿಮಗ ನಡೀತೈತೇನ್ರಿ ಅಕ್ಕಾರ?" ಎಂದು ಕೇಳಿದಳು. ವೇದಾಳ ಮನೆಯಲ್ಲಿ ಸಾವಿನ ಮನೆಯ ನೀರು ಮುಟ್ಟುವುದಿಲ್ಲ. ಹೋಗಿ ತಲೆಯ ಮೇಲೆ ನೀರು ಹೊಯ್ದುಕೊಂಡ ಮೇಲೆಯೇ ಒಳಗೆ ಪ್ರವೇಶ. ಶಕುಂತಲಮ್ಮನ ಮನೆಯವರಿಗೆ ಸೂತಕವೆಂಬುದೇ ಇಲ್ಲ. ಎಲ್ಲದರಲ್ಲೂ ಶಿವನಿರುವಾಗ ಮೈಲಿಗೆ ಎಲ್ಲಿಂದ ಬಂತು ಎಂದು ಅವಳು ಎಷ್ಟೋ ಸಲ ವೇದಾಳನ್ನು ಚುಡಾಯಿಸಿದ್ದಳು.

"ಆಮೇಲೆ ಕುಡೀತೆ," ಎಂದಳು ವೇದಾ. "ಬಿಂದು, ಅವ್ರಿಗೆ ಏನಾಗಿತ್ತು? ನನಗೆ ಗೊತ್ತೇ ಆಗ್ಲಿಲ್ಲ. ಫೋನು ಮಾಡ್ಲಿಲ್ಲ ಅವ್ರು."

"ಹಾರ್ಟಿಂದು ರೀ. ಶಿವಮೊಗ್ಗದಾಗ ಹನ್ನೆರಡು ದಿನ ಇದ್ವಿ. ಫೋನು ಕೊಡಬ್ಯಾಡ್ರಿ, ಮಾತಾಡಿಸಬ್ಯಾಡ್ರಿ ಅಂದಿದ್ರು ಡಾಕ್ಟ್ರು. ಮನಿಗೆ ಬಂದ ಮ್ಯಾಲೆ ಅರಾಮ ಇದ್ರು. ನಿನ್ನಿ ಸಂಜಿ ಮಜ್ಜಿಗಿ ಕೇಳಿದ್ರು, ಕುಡದ್ರು, ಲೋಟ ನನ್ನ ಕೈಗೆ ಕೊಟ್ರು. ಉಪ್ಪು ಸರಿ ಐತಿ ಅಂದ್ರು. ಅಷ್ಟ ರೀ."

ಫೋನು ನಿಂತದ್ದಕ್ಕೆ ಕಾರಣ ಅದಾದರೆ ಒಳ್ಳೆಯದೇ. ಆದರೆ ಆಸ್ಪತ್ರೆಗೆ ಹೋಗುವ ಮೊದಲೇ ಶಕುಂತಲಕ್ಕನಿಗೆ ಗಿಡದ ಸಂಗತಿ ಗೊತ್ತಾಗಿದ್ದರೆ? ವೇದಾ ಮತ್ತೆ ದಿನ ಎಣಿಸತೊಡಗಿದಳು.

*

ಈ ಸಲದ ಸಂಕ್ರಾಂತಿ ಮುಗಿದ ಮೂರನೆಯ ದಿನ. ವೇದಾಳ ಒಂದು ವಯೋಲಾ ಗಿಡ ಕಪ್ಪೆನ್ನುವಷ್ಟು ಗಾಢ ನೇರಳೆಯ ಹೂ ಬಿಟ್ಟಿತ್ತು. ಶಕುಂತಲಮ್ಮನ ಮೂವತ್ತು ಡಬ್ಬದಲ್ಲಿ ಇಲ್ಲದ ಬಣ್ಣ. ಹಿಂದಿನ ದಿನವೇ ಫೋನು ಮಾಡಿ, "ನಾಳೆ ಹತ್ತೂವರೆ ಬಸ್ಸಿಗೆ ಕಳಿಸ್ತೆ. ನೋಡಿ ಹೊಟ್ಟೆ ಉರ್ಕೊಳ್ಳಿ," ಎಂದು ಜಂಬ ಕೊಚ್ಚಿಕೊಂಡಿದ್ದಳು. ಡ್ರೈವರ್ ಜಯಪ್ಪನಿಗೂ ಹೇಳಿಯಾಗಿತ್ತು.

ಬೆಳಿಗ್ಗೆ ಕುಂಡವನ್ನು ಚೀಲಕ್ಕೆ ಇಡುವ ಮೊದಲು ಅಭ್ಯಾಸಬಲದಿಂದ ಎಲೆ ತಿರುಗಿಸಿದಳು. ರವೆ ಉದುರಿದ ಹಾಗೆ ಸಣ್ಣ ಬಿಳಿ ಚುಕ್ಕೆಗಳು. ಕಾಗದದ ಮೇಲೆ ತಟ್ಟಿದರೆ ಮೂರು ನಾಲ್ಕು ನಡೆದವು.

ಆಗಲೇ ಫೋನು ಮಾಡಿ "ನುಸಿ ಬಿದ್ದಿದೆ, ಮುಂದಿನ ತಿಂಗಳು ಕಳಿಸ್ತೆ" ಎಂದಿದ್ದರೆ ಮುಗಿದುಹೋಗುತ್ತಿತ್ತು. ಹಾಗೆ ಹೇಳಲು ನಾಲಿಗೆ ಏಳಲಿಲ್ಲ. ಹನ್ನೊಂದು ವರ್ಷ ಕಲಿತ ಮೇಲೂ ತನ್ನ ಗಿಡಕ್ಕೆ ನುಸಿ ಎಂದು ಯಾವ ಮುಖದಲ್ಲಿ ಹೇಳುವುದು? ಒದ್ದೆ ಬಟ್ಟೆ ತೆಗೆದುಕೊಂಡು ಒಂದೊಂದು ಎಲೆಯನ್ನೂ ಮೇಲೆ ಕೆಳಗೆ ಒರೆಸಿದಳು. ಒರೆಸಿದರೆ ಎಲ್ಲ ಮೊಟ್ಟೆ ಹೋಗುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಕಳಿಸಿದಳು.

ಸಂಜೆ ಶಕುಂತಲಮ್ಮನ ಫೋನು ಬಂತು. "ಗಿಡ ಬಂತವ್ವ. ಬಣ್ಣ ಭಾಳ ಚಂದ ಐತಿ." ಅಷ್ಟೇ. ಮುಂದೆಯೂ ದಿನ ಬಿಟ್ಟು ದಿನ ಮಾತಾಡಿದಳು; ಗಿಡದ ಮಾತು ಎತ್ತಲಿಲ್ಲ. ಹನ್ನೆರಡನೆಯ ದಿನದಿಂದ ಫೋನು ನಿಂತಿತು. ನುಸಿ ಒಂದು ತಲೆಮಾರು ಮುಗಿಸಿ ಪಕ್ಕದ ಕುಂಡಕ್ಕೆ ದಾಟಲು ಹತ್ತು ಹನ್ನೆರಡು ದಿನ ಸಾಕು. ವೇದಾಳ ಲೆಕ್ಕಕ್ಕೆ ಎಲ್ಲ ಸರಿಹೊಂದಿತು: ಮೂವತ್ತು ಡಬ್ಬಕ್ಕೂ ಹಬ್ಬಿದೆ, ಶಕುಂತಲಕ್ಕನಿಗೆ ತಿಳಿದಿದೆ, ಮಾತು ಬಿಟ್ಟಿದ್ದಾಳೆ. ಮನುಷ್ಯರಿಗೂ ಕಾಯಿಲೆ ಬರುತ್ತದೆಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ. ತಾನಾಗಿ ಫೋನು ಮಾಡಲು ಎಷ್ಟೋ ಸಲ ಕೈಗೆತ್ತಿಕೊಂಡು ಕೆಳಗಿಟ್ಟಳು.

*

"ಅಮ್ಮಾರ, ಹನ್ನೆರಡಕ್ಕ ಎತ್ತಬೇಕಂತಾರ ಅಯ್ಯನೋರು," ಎಂದು ಕೊಟ್ರೇಶ ಬಾಗಿಲಲ್ಲಿ ಬಂದು ನಿಂತ. "ಹೂವಿಂದು ಏನ್ಮಾಡ್ಲಿ?"

ವೇದಾ ಎದ್ದಳು. ಅಂಗಳದ ಡಬ್ಬಗಳ ಮುಂದೆ ಕುಕ್ಕರಗಾಲಲ್ಲಿ ಕೂತಳು. ಮೊದಲ ಡಬ್ಬದ ಎಲೆ ತಿರುಗಿಸಿದಳು. ಏನಿಲ್ಲ. ಎರಡನೆಯದು, ಮೂರನೆಯದು. ಹಸಿರಾದ ಹಸಿ ಎಲೆ, ಒಂದು ಚುಕ್ಕೆಯಿಲ್ಲ. ಹತ್ತಿರ ನಿಂತವರು ಇದೂ ಒಂದು ಶಾಸ್ತ್ರವಿರಬಹುದೆಂದು ಗೌರವದಿಂದ ದೂರ ಸರಿದರು. ಮೂವತ್ತೂ ನೋಡಿಯಾಯಿತು. ಎಲ್ಲ ಸ್ವಚ್ಛ. ಆದರೆ ಅವಳ ಗಿಡ ಅಲ್ಲಿರಲಿಲ್ಲ.

"ಕೊಯ್ಯಿರಿ," ಎಂದಳು ಕೊಟ್ರೇಶನಿಗೆ. ಆಮೇಲೆ ಬಿಂದುಶ್ರೀಯ ಹತ್ತಿರ ಹೋಗಿ, "ನಾನು ಸಂಕ್ರಾಂತಿ ಆದ್ಮೇಲೆ ಕಳಿಸಿದ್ನಲ್ಲ, ಕಪ್ಪು ನೇರಳೆದು, ಅದನ್ನ ಕಿತ್ತು ಎಸೆದ್ರಾ?" ಎಂದು ಕೇಳಿದಳು.

"ಯಾಕ ಎಸೀತಾರ್ರಿ? ಬಚ್ಚಲ ಹಿಂದ ಐತಿ, ಬರ್ರಿ."

ಬಚ್ಚಲ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂಟಿಯಾಗಿ ಇತ್ತು ಕುಂಡ. ಅದರ ಹೊಟ್ಟೆಯ ಮೇಲೆ ಸುಣ್ಣದಲ್ಲಿ ಮೂರು ಗೆರೆ ಎಳೆದಿತ್ತು. ವೇದಾ ಬಗ್ಗಿದಳು. ಬುಡದ ಹಳೆಯ ಎಲೆಗಳು ತಾಮ್ರದ ಬಣ್ಣಕ್ಕೆ ತಿರುಗಿ, ಚುಕ್ಕೆ ಚುಕ್ಕೆಯಾಗಿ ಒಣಗಿದ್ದವು. ಅದರ ಮೇಲಿನದೆಲ್ಲ ಹೊಸ ಚಿಗುರು, ನಿಚ್ಚಳ ಹಸಿರು. ತುದಿಯಲ್ಲಿ ಏಳು ಹೂವು. ಗಿಡಕ್ಕೆ ಕಾಯಿಲೆ ಬಂದದ್ದು, ಅದು ವಾಸಿಯಾದದ್ದು ಎರಡೂ ಎಲೆಯ ಮೇಲೆ ಬರೆದಿತ್ತು. ಮೂರು ಗೆರೆ ಎಂದರೆ ಮೂರು ಸಲ ಹೊಡೆದಿದ್ದಾಳೆ, ಐದು ದಿನಕ್ಕೊಮ್ಮೆ. ಫೋನಿನಲ್ಲಿ ಬಣ್ಣ ಚಂದ ಐತಿ ಎಂದವಳು ಮರುದಿನವೇ ಶುರುಮಾಡಿದ್ದಾಳೆ.

"ಇಲ್ಲಿ ಯಾಕೆ ಇಟ್ರು ಇದನ್ನ?"

"ನಿಮ್ಮವು ಯಾವಾಗ್ಲೂ ಇಲ್ಲೇ ಇಡೋದು ರೀ. ಸೊರಬದ ಗಿಡ ಬಂದ್ರ ಹದಿನೈದು ದಿನ ಬಚ್ಚಲ ಹಿಂದ."

ವೇದಾಳಿಗೆ ಕಪಾಳಕ್ಕೆ ಹೊಡೆದಂತಾಯಿತು. "ಹನ್ನೊಂದು ವರ್ಷದಿಂದ್ಲಾ? ನನ್ನ ಗಿಡ ಮಾತ್ರವಾ?"

"ಹೇ, ಎಲ್ಲಾರ್ದೂ," ಎಂದ ಹಿಂದಿನಿಂದ ಗಂಗಾಧರಪ್ಪ. ಕೋಲೂರಿಕೊಂಡು ಅವನೂ ಬಂದಿದ್ದ. "ನಾನು ತಂದ್ರೂ ಹದಿನೈದು ದಿನ. ಹುಟ್ಟಿದ್ರ ಸತ್ರ ನಮ್ಮ ಮನ್ಯಾಗ ಸೂತಕ ಇಲ್ಲ, ಗಿಡ ಬಂದ್ರ ಸೂತಕ! ಹಂಗಂತ ಆಕಿನ್ನ ಚಾಷ್ಟಿ ಮಾಡ್ತಿದ್ದೆ. 'ವೇದಾನ ಮಂದಿಗೆ ಹೇಳಬ್ಯಾಡ್ರಿ, ನಾ ಸೂತಕ ಅವ್ರಿಂದ ಕಲ್ತೀನಿ ಅಂತ ಬೀಗ್ತಾರ' ಅಂತಿದ್ಲು."

ಗಂಗಾಧರಪ್ಪ ನಕ್ಕ. ನಗುತ್ತಲೇ ಕಣ್ಣು ಒರೆಸಿಕೊಂಡ.

ವೇದಾ ಕುಂಡದ ಮುಂದೆ ಹಾಗೇ ಕೂತಿದ್ದಳು. ಗಿಡ ಪ್ರತ್ಯೇಕ ಇತ್ತು, ನುಸಿ ಹಬ್ಬಲಿಲ್ಲ, ಸರಿ. ಆದರೆ ತಾನು ಗೊತ್ತಿದ್ದೂ ಕಳಿಸಿದ್ದು ಶಕುಂತಲಕ್ಕನಿಗೆ ಗೊತ್ತಾಯಿತೇ? ಈಗ ಬಿಟ್ಟರೆ ಮತ್ತೆ ಕೇಳಲಿಕ್ಕಿಲ್ಲ.

"ಬಿಂದು, ನಾನು ಒಂದು ತಪ್ಪು ಮಾಡಿದೀನಿ. ನುಸಿ ಇದ್ದದ್ದು ಗೊತ್ತಿತ್ತು ನನಗೆ. ಎಲೆ ಒರೆಸಿ..."

"ಒರೆಸಿ ಕಳ್ಸಿದ್ರಿ," ಎಂದಳು ಬಿಂದುಶ್ರೀ. "ಚೀಲ ಬಿಚ್ಚಿದಾಗ ನಾನೂ ಇದ್ದೆ ರೀ. ಅತ್ತೇರು ಎಲಿ ತಿರುಗಿಸಿದ್ರು, ನೋಡಿದ್ರು, ನಗಾಕ ಹತ್ತಿದ್ರು. ನಕ್ಕು ನಕ್ಕು ಕಣ್ಣಾಗ ನೀರು. ಏನ್ರಿ ಅತ್ತಿ ಅಂದೆ. 'ವರನ ಕಡೇರು ಹೆಣ್ಣು ನೋಡಾಕ ಬಂದಾಗ ಕೂಸಿನ ಮಾರಿ ತೊಳದು ಕುಂದರಸ್ತಾರಲ್ಲ, ಹಂಗ ಮಾಡ್ಯಾಳ ವೇದಾ. ಗಡಿಬಿಡ್ಯಾಗ ಕಿವಿ ಹಿಂದ ಒರೆಸೋದು ಮರ್ತಾಳ' ಅಂದ್ರು."

"ಆಮೇಲೆ?"

"'ಪಾಪ, ಎಷ್ಟು ಒದ್ದಾಡ್ಯಾಳೋ ಏನೋ. ಆಕಿಗೆ ಹೇಳಬ್ಯಾಡ, ನೊಂದ್ಕೊಂತಾಳ. ನಾವ ಅರಾಮ ಮಾಡೋಣು' ಅಂದ್ರು. ಮೂರು ಸಲಾನೂ ತಾವ ಹೊಡದ್ರು. ಆಸ್ಪತ್ರ್ಯಾಗೂ ಒಂದಿನಾ ಕೇಳಿದ್ರು, ವೇದಾನ ಕೂಸು ಹೆಂಗೈತಿ ಅಂತ."

ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವವರನ್ನು ವೇದಾ ಕಂಡಿದ್ದಳು. ಹಾಕಿಕೊಂಡು ಹೀಗೆ ನಕ್ಕವರನ್ನು ಕಂಡಿರಲಿಲ್ಲ. ಅವಳಿಗೂ ನಗು ಬಂತು. ಬೆಳಗಿನಿಂದ ಅರ್ಧಕ್ಕೇ ನಿಂತಿದ್ದ ಅಳು ಆ ನಗುವಿನ ಬೆನ್ನಿಗೇ ಪೂರ್ತಿ ಬಂತು. ಒಗೆಯುವ ಕಲ್ಲಿನ ಮೇಲೆ ಕೂತು ಮನಸಾರೆ ಅತ್ತಳು. ಗಂಗಾಧರಪ್ಪ ತಡೆಯಲಿಲ್ಲ; ಕೋಲಿನ ಮೇಲೆ ಭಾರ ಹಾಕಿ ಕಾಯುತ್ತ ನಿಂತ. ಅತ್ತು ಮುಗಿದ ಮೇಲೆ ಅವಳು ಮೂಗು ಒರೆಸಿಕೊಂಡು, "ಬಿಂದು, ಚಹಾ ಇದ್ಯಾ? ಒಂದು ಲೋಟ ಕೊಡು ಮಾರಾಯ್ತಿ," ಎಂದಳು.

ದೂರದಲ್ಲಿ ನಿಂತಿದ್ದ ಗಣಪಯ್ಯ ಕಣ್ಣರಳಿಸಿದ. ಹೆಂಡತಿ ಚಹಾವನ್ನು ಊದಿ ಊದಿ ಕುಡಿಯುವುದನ್ನು ನೋಡಿ, ಸ್ವಲ್ಪ ಹೊತ್ತು ಯೋಚಿಸಿ, ತಾನೂ ಒಂದು ಲೋಟ ಕೇಳಿ ಇಸಿದುಕೊಂಡ.

ಹನ್ನೆರಡಾಗುವಷ್ಟರಲ್ಲಿ ವಿಮಾನ ಸಿದ್ಧವಾಯಿತು. ಶಕುಂತಲಮ್ಮನನ್ನು ತಂದು ಕೂರಿಸಿದರು. ಕೊಟ್ರೇಶ ಚೆಂಡು ಹೂವಿನ ಸಾಲುಗಳ ನಡುವೆ ಮೂವತ್ತು ಡಬ್ಬದ ಹೂಗಳನ್ನೂ ಒಪ್ಪವಾಗಿ ಸಿಕ್ಕಿಸಿದ್ದ. ದಾರಿಯ ಜನರಿಗೆ ಚೆನ್ನಾಗಿ ಕಾಣಲೆಂದು ಎಲ್ಲದರ ಮುಖವನ್ನೂ ಹೊರಗೆ ಮಾಡಿದ್ದ. ಮಗ ಚನ್ನೇಶ ಮುಂದಿನ ಬೊಂಬಿಗೆ ಹೆಗಲು ಕೊಟ್ಟು ನಿಂತ. ಅಯ್ಯನವರು ಇನ್ನು ಎತ್ತಿ ಎನ್ನಲು ಬಾಯಿ ತೆರೆದಿದ್ದರು. ಗಂಗಾಧರಪ್ಪ ಅವರ ಕೈ ಮುಟ್ಟಿ ತಡೆದು, "ಒಂದು ನಿಮಿಷ, ಅವ್ರು ಬರ್ಲಿ," ಎಂದ.

ಜನ ದಾರಿ ಬಿಟ್ಟರು. ವೇದಾ ಬಚ್ಚಲ ಹಿಂದಿನ ತನ್ನ ಗಿಡದ ಏಳು ಹೂಗಳನ್ನು ಬೊಗಸೆಯಲ್ಲಿ ಹಿಡಿದು ಬಂದಳು. ಶಕುಂತಲಮ್ಮನ ಹಸಿರು ಸೀರೆಯ ಮಡಿಲಲ್ಲಿ ಅವನ್ನು ಒಂದೊಂದಾಗಿ ಇಟ್ಟಳು. ಇಟ್ಟು, ಮಕ್ಕಳ ಗಲ್ಲ ಹಿಡಿಯುವ ಹಾಗೆ ಎರಡು ಬೆರಳಲ್ಲಿ ಹಿಡಿದು, ಒಂದೊಂದನ್ನೂ ಒಳಕ್ಕೆ ತಿರುಗಿಸಿದಳು. ವಿಮಾನ ಮೇಲೆದ್ದಾಗ ಉಳಿದ ಹೂಗಳೆಲ್ಲ ಬೀದಿಯ ಕಡೆ ನೋಡುತ್ತಿದ್ದವು. ಆ ಏಳು ಮಾತ್ರ ಮುಖವೆತ್ತಿ ಶಕುಂತಲಮ್ಮನನ್ನೇ ನೋಡುತ್ತಿದ್ದವು.